ಕೀಲಿಕೈ ಯಾರ ಕೈಯಲ್ಲಿ?

೨೦೨೫ರ ಅಕ್ಟೋಬರ್ ತಿಂಗಳ ಕೊನೆಗೆ ಮತ್ತು ನವೆಂಬರ್ ತಿಂಗಳ ಮೊದಲ ವಾರದಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನ ಹೆಸರು ನಾಡಿನ ಎಲ್ಲರ ಬಾಯಲ್ಲಿಯೂ ಇದ್ದಿತು. ಟನ್ನು ಕಬ್ಬಿಗೆ ೩,೫೦೦ ರೂಪಾಯಿ ಬೇಕೆಂದು ರೈತರು ಹಗಲಿರುಳು ರಸ್ತೆಯ ಮೇಲೆ ಕುಳಿತರು; ಕೊನೆಗೆ ೩,೩೦೦ ರೂಪಾಯಿಗೆ ಒಪ್ಪಂದವಾಯಿತು. ಆ ಹೋರಾಟದ ನ್ಯಾಯಾನ್ಯಾಯಗಳ ವಿಚಾರ ಇಲ್ಲಿ ಪ್ರಸ್ತುತವಲ್ಲ. ಅಷ್ಟು ಹಟದಿಂದ ಪಡೆದ ಹಣವು ಯಾವ ದಾರಿಯಿಂದ ರೈತನ ಮನೆಯನ್ನು ಸೇರುತ್ತದೆ ಎಂಬುದಷ್ಟೇ ನಮ್ಮ ಪ್ರಶ್ನೆ. ಅದು ನೋಟಿನ ಕಟ್ಟಾಗಿ ಬರುವುದಿಲ್ಲ. ಬ್ಯಾಂಕಿನ ಖಾತೆಯಲ್ಲಿ ಅಂಕಿಯಾಗಿ ಬಂದು ಕೂಡುತ್ತದೆ. ಆ ಖಾತೆಯ ಬಾಗಿಲಾದರೋ ಈಗ ಅಂಗಿಯ ಕಿಸೆಯಲ್ಲಿರುವ ಮೊಬೈಲಿನೊಳಗಿದೆ. ಧಾರಣೆಯ ಸಲುವಾಗಿ ಇಷ್ಟು ಹೋರಾಡುವ ಸಮಾಜವು, ಆ ಬಾಗಿಲಿಗೆ ಹಾಕಿದ ಕೀಲಿ ಎಂಥದು, ಅದರ ಕೀಲಿಕೈ ಯಾರ ಕೈಯಲ್ಲಿದೆ ಎಂಬುದನ್ನು ಎಷ್ಟರಮಟ್ಟಿಗೆ ವಿಚಾರಿಸಿದೆ?

ಈ ಪ್ರಶ್ನೆಗೆ ಇಂದು ಹೊಸ ತುರ್ತು ಬಂದಿದೆ. ಏಕೆಂದರೆ ಕೀಲಿಯೇ ಬದಲಾಗುತ್ತಿದೆ. ರಿಜರ್ವ್ ಬ್ಯಾಂಕು ೨೦೨೫ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿ, ೨೦೨೬ರ ಏಪ್ರಿಲ್ ೧ರಿಂದ ಅನ್ವಯಿಸುವಂತೆ ವಿಧಿಸಿದ ನಿರ್ದೇಶನಗಳು, ಮೊಬೈಲಿಗೆ ಸಂದೇಶವಾಗಿ ಬರುವ ಓಟಿಪಿಯೊಂದನ್ನೇ ನೆಚ್ಚಿಕೊಂಡಿರದೆ ಬೇರೆ ಬಗೆಯ ಗುರುತುಗಳನ್ನೂ ಬಳಸಲು ದಾರಿ ಮಾಡಿಕೊಟ್ಟಿವೆ. ೨೦೨೫ರ ಅಕ್ಟೋಬರಿನಲ್ಲಿ ಯುಪಿಐ ಪಾವತಿಗೆ ಪಿನ್ನಿನ ಬದಲು ಬೆರಳಚ್ಚನ್ನೋ ಮುಖವನ್ನೋ ತೋರಿಸುವ ಏರ್ಪಾಡು ಬಂದಿತು. ಇವುಗಳ ಜೊತೆಗೆ ‘ಪಾಸ್‌ಕೀ’ ಎಂಬ ಹೆಸರೂ ಕೇಳಿಬರುತ್ತಿದೆ. ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಎಂಬ ಮೂರು ಪ್ರತಿಸ್ಪರ್ಧಿಗಳು ೨೦೨೨ರ ಮೇ ತಿಂಗಳಲ್ಲಿ ಒಂದುಗೂಡಿ ಎತ್ತಿ ಹಿಡಿದ ಪದ್ಧತಿ ಇದು. ಹಣದ ವ್ಯಾಲೆಟ್ಟನ್ನು ಒಳಗೊಂಡ ಆ್ಯಪುಗಳು ಪಾಸ್‌ವರ್ಡನ್ನು ಬಿಟ್ಟು ಇದನ್ನು ಅಳವಡಿಸಿಕೊಳ್ಳತೊಡಗಿವೆ. ಮುಂಬಯಿ, ಬೆಂಗಳೂರುಗಳಲ್ಲಿ ರೂಪುಗೊಳ್ಳುವ ಈ ಆ್ಯಪುಗಳು ಗೋಕಾಕದ ಪೇಟೆಗೂ ಹುಕ್ಕೇರಿಯ ಹಳ್ಳಿಗೂ ಬರಲು ಬಹುಕಾಲ ಬೇಡ. ಆದುದರಿಂದ ಇದರ ಗುಣದೋಷಗಳನ್ನು ಈಗಲೇ ತೂಗಿ ನೋಡುವುದು ಯುಕ್ತ.

ಗುರುತಿನ ಇತಿಹಾಸವನ್ನು ನೋಡಿದರೆ ಒಂದು ವಿನೋದ ಕಾಣುತ್ತದೆ. ನಮ್ಮ ಅಜ್ಜಂದಿರು ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಹೆಬ್ಬೆಟ್ಟು ಅನಕ್ಷರತೆಯ ಲಾಂಛನವೆಂದು ಬಗೆದು, ಮಕ್ಕಳು ಶಾಲೆಗೆ ಹೋಗಿ ಸಹಿ ಮಾಡುವುದನ್ನು ಕಲಿತರು. ಮೊಮ್ಮಕ್ಕಳು ಸಹಿಯನ್ನೂ ಬಿಟ್ಟು ಪಾಸ್‌ವರ್ಡು, ಪಿನ್ನುಗಳನ್ನು ಬಾಯಿಪಾಠ ಮಾಡಿದರು. ಈಗ ತಿರುಗಿ ಬೆರಳು ಒತ್ತುವ ಕಾಲ ಬಂದಿದೆ. ಪಾಸ್‌ವರ್ಡೆಂಬ ಗುಟ್ಟಿನ ಮಾತು ಗಣಕಯಂತ್ರಕ್ಕೆ ಬಂದುದು ೧೯೬೦ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ. ೧೯೬೨ರಲ್ಲಿಯೇ ಅಲ್ಲಿಯ ಸಂಶೋಧಕ ವಿದ್ಯಾರ್ಥಿಯೊಬ್ಬನು, ತನ್ನ ಪಾಲಿಗೆ ಬಂದ ಯಂತ್ರದ ಸಮಯ ಸಾಲದೆಂದು, ಎಲ್ಲರ ಪಾಸ್‌ವರ್ಡುಗಳ ಪಟ್ಟಿಯನ್ನು ಉಪಾಯದಿಂದ ಅಚ್ಚು ಹಾಕಿಸಿಕೊಂಡನು. ಹುಟ್ಟಿದ ವರ್ಷವೆರಡರಲ್ಲಿಯೇ ಗುಟ್ಟು ರಟ್ಟಾಯಿತು. ಹೇಳಬಹುದಾದ ಗುಟ್ಟನ್ನು ಹೇಳಿಸಲೂಬಹುದು ಎಂಬುದೇ ಈ ಪದ್ಧತಿಯ ಮೂಲದೋಷ.

ಓಟಿಪಿಯೂ ಈ ದೋಷದಿಂದ ಮುಕ್ತವಲ್ಲ. ಅದು ಕೆಲವೇ ನಿಮಿಷ ಬಾಳುವ ಗುಟ್ಟು, ಆದರೂ ಹೇಳಬಹುದಾದ ಗುಟ್ಟೇ. ‘ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ’ ಎಂದು ಸವಿಯಾಗಿ ಕೇಳಿದವನಿಗೆ ನಮ್ಮ ಜನ ಅದನ್ನು ಓದಿ ಹೇಳುತ್ತಾರೆ. ಕೇಳಿದವರಿಗೆ ಉತ್ತರ ಕೊಡುವುದು, ಅಧಿಕಾರಿಯೆಂದರೆ ವಿನಯದಿಂದ ನಡೆದುಕೊಳ್ಳುವುದು ಹಳ್ಳಿಯ ಸದಾಚಾರ. ವಂಚಕನು ಆ ಸದಾಚಾರವನ್ನೇ ಬಂಡವಾಳ ಮಾಡಿಕೊಳ್ಳುತ್ತಾನೆ. ಮೇಲಾಗಿ, ರಿಜರ್ವ್ ಬ್ಯಾಂಕಿನ ೨೦೧೭ರ ಜುಲೈ ತಿಂಗಳ ಸುತ್ತೋಲೆಯು, ಗ್ರಾಹಕನು ತಾನೇ ಗುಟ್ಟನ್ನು ಇತರರಿಗೆ ತಿಳಿಸಿದ್ದರೆ, ಬ್ಯಾಂಕಿಗೆ ದೂರು ಕೊಡುವವರೆಗೆ ಆದ ನಷ್ಟವೆಲ್ಲ ಅವನದೇ ಎಂದು ವಿಧಿಸಿತು. ಹಣವೂ ಹೋಯಿತು, ತಪ್ಪೂ ತಲೆಗೆ ಬಂದಿತು ಎಂಬ ಅವಸ್ಥೆ ಇದು. ಹೀಗಿರುವಾಗ, ಹೇಳಲಿಕ್ಕೇ ಬಾರದ ಗುಟ್ಟೊಂದಿದ್ದರೆ ಹೇಗೆ? ಪಾಸ್‌ಕೀಯ ಮಹತ್ತ್ವವಿರುವುದು ಇಲ್ಲಿಯೇ.

ಅದರ ತತ್ತ್ವ ತೀರ ಹೊಸದಲ್ಲ. ಡಿಫಿ ಮತ್ತು ಹೆಲ್‌ಮನ್ ಎಂಬ ಅಮೆರಿಕದ ವಿದ್ವಾಂಸರು ೧೯೭೬ರಲ್ಲಿ ಪ್ರಕಟಿಸಿದ ಜೋಡಿ ಕೀಲಿಕೈಗಳ ಕಲ್ಪನೆಯೇ ಅದಕ್ಕೆ ತಳಹದಿ. ಆ್ಯಪಿನಲ್ಲಿ ಮೊದಲ ಸಲ ನೋಂದಾಯಿಸುವಾಗ ಮೊಬೈಲು ಎರಡು ಕೀಲಿಕೈಗಳನ್ನು ನಿರ್ಮಿಸುತ್ತದೆ. ಒಂದು ಗುಪ್ತ, ಅದು ಬಳಸುವವನ ವಶದಲ್ಲಿಯೇ ಉಳಿಯುತ್ತದೆ. ಇನ್ನೊಂದು ಬಹಿರಂಗ, ಅದು ಬ್ಯಾಂಕಿಗೆ ಹೋಗುತ್ತದೆ. ಪ್ರತಿ ಸಲವೂ ಬ್ಯಾಂಕು ಹೊಸದೊಂದು ಒಗಟನ್ನು ಕಳಿಸುತ್ತದೆ. ಬಳಸುವವನು ಬೆರಳಿಟ್ಟೊಡನೆ ಮೊಬೈಲು ಆ ಒಗಟಿಗೆ ಗುಪ್ತ ಕೀಲಿಕೈಯಿಂದ ಮುದ್ರೆಯೊತ್ತಿ ಮರಳಿಸುತ್ತದೆ. ಮುದ್ರೆ ನಿಜವೋ ಹುಸಿಯೋ ಎಂಬುದನ್ನು ಬ್ಯಾಂಕು ತನ್ನಲ್ಲಿರುವ ಬಹಿರಂಗ ಕೀಲಿಕೈಯಿಂದ ಪರೀಕ್ಷಿಸುತ್ತದೆ. ಗುಟ್ಟು ತಂತಿಯ ಮೇಲೆ ಸಾಗುವುದೇ ಇಲ್ಲ. ಬ್ಯಾಂಕಿನ ಗಣಕಕ್ಕೆ ಕನ್ನ ಹಾಕಿದವನಿಗೂ ಸಿಗುವುದು ಬಹಿರಂಗ ಕೀಲಿಕೈ ಮಾತ್ರ; ಅದರಿಂದ ಯಾವ ಬಾಗಿಲೂ ತೆರೆಯದು.

ಇನ್ನೊಂದು ಗುಣ ಇದಕ್ಕಿಂತಲೂ ದೊಡ್ಡದು. ಪಂಚವಟಿಯಲ್ಲಿ ಸೀತೆ ಮೋಸಹೋದುದು ಸಂನ್ಯಾಸಿಯ ವೇಷಕ್ಕೆ. ಇಂದಿನ ನಕಲಿ ಜಾಲತಾಣವೂ ಬ್ಯಾಂಕಿನ ಬಣ್ಣ, ಮುದ್ರೆ, ಮಾತುಗಳನ್ನು ಹೊದ್ದುಕೊಂಡೇ ಭಿಕ್ಷೆಗೆ ಬರುತ್ತದೆ. ಪಾಸ್‌ಕೀ ವೇಷವನ್ನು ನೋಡುವುದಿಲ್ಲ, ವಿಳಾಸವನ್ನು ನೋಡುತ್ತದೆ. ನೋಂದಾಯಿಸಿದ ವಿಳಾಸಕ್ಕೂ ಎದುರಿಗೆ ನಿಂತ ವಿಳಾಸಕ್ಕೂ ಒಂದಕ್ಷರ ವ್ಯತ್ಯಾಸವಿದ್ದರೂ ಅದು ಹೊರಬರುವುದಿಲ್ಲ. ಇನ್ನು ಬೆರಳಚ್ಚಿನ ಭಯ: ನೋಂದಣಿ ದಸ್ತಾವೇಜುಗಳ ಮೇಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದರೆಂಬ ದೂರುಗಳು ೨೦೨೩ರಲ್ಲಿ ಕರ್ನಾಟಕದಲ್ಲಿಯೇ ಬಂದವು. ಆ ಅನುಭವದಿಂದ ಹುಟ್ಟಿದ ಅಂಜಿಕೆ ಸಹಜ. ಆದರೆ ಅಲ್ಲಿ ಬೆರಳಚ್ಚು ದೂರದ ಕಚೇರಿಗೆ ಸಾಕ್ಷಿಯಾಗಿ ಹೋಗುತ್ತಿತ್ತು. ಪಾಸ್‌ಕೀಯಲ್ಲಿ ಅದು ಮೊಬೈಲನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ಕೈಯಲ್ಲಿರುವ ಪೆಟ್ಟಿಗೆಯನ್ನು ತೆರೆಯುವುದಷ್ಟೇ ಅದರ ಕೆಲಸ.

ಇಷ್ಟು ಹೇಳಿದ ಮೇಲೆ, ತಂತ್ರಜ್ಞರು ಪೂರ್ವಪಕ್ಷವಾಗಿ ಇಟ್ಟುಕೊಂಡ ಒಂದು ಮಾತನ್ನು ಪರೀಕ್ಷಿಸಬೇಕು. ಒಬ್ಬ ವ್ಯಕ್ತಿಗೆ ಒಂದು ಮೊಬೈಲು ಎಂಬುದೇ ಆ ಮಾತು. ಘಟಪ್ರಭೆಯ ಎರಡೂ ದಂಡೆಗಳ ಮನೆಗಳಲ್ಲಿ ಇದು ಎಷ್ಟು ನಿಜ? ಅನೇಕ ಕಡೆ ಮೊಬೈಲೆಂಬುದು ಮನೆಯ ವಸ್ತು, ಬಾವಿಯ ಹಗ್ಗದಂತೆ. ಅದರ ಪರದೆಯ ಮೇಲೆ ಎಳೆಯುವ ಗೆರೆ ಮನೆಮಂದಿಗೆಲ್ಲ ಗೊತ್ತು. ೨೦೨೩ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯು ತಿಂಗಳಿಗೆ ೨,೦೦೦ ರೂಪಾಯಿಯನ್ನು ಮನೆಯ ಯಜಮಾನಿಯ ಖಾತೆಗೇ ಕಳಿಸಬೇಕೆಂದು ಗೊತ್ತುಪಡಿಸಿತು. ಹಣ ಅವಳ ಹೆಸರಿನಲ್ಲಿರಲಿ ಎಂಬುದೇ ಅದರ ಆಶಯ. ಆದರೆ ಮೊಬೈಲು ಮಗನ ಕೈಯಲ್ಲಿದ್ದು, ಅದರಲ್ಲಿರುವ ಬೆರಳಚ್ಚೂ ಮಗನದೇ ಆಗಿದ್ದರೆ, ಖಾತೆ ಅವಳದು, ಕೀಲಿಕೈ ಅವನದು. ಹಿಂದೆ ಪಿನ್ನಾದರೂ ಅವಳ ತಲೆಯಲ್ಲಿರುವ ಸಂಭವವಿತ್ತು. ಪಾಸ್‌ಕೀಯಲ್ಲಿ ಮೊಬೈಲನ್ನು ತೆರೆಯಬಲ್ಲವನೇ ಖಾತೆಯನ್ನೂ ತೆರೆಯಬಲ್ಲ. ಹೊರಗಿನ ಕಳ್ಳನಿಗೆ ಬಾಗಿಲು ಭದ್ರವಾದಷ್ಟೂ ಒಳಗಿನವನ ಅಧಿಕಾರ ಹೆಚ್ಚುತ್ತದೆ.

ಕಳೆದುಹೋಗುವ ಪ್ರಶ್ನೆಯೂ ಉಂಟು. ಶಕುಂತಲೆಯ ಉಂಗುರ ನೀರಿಗೆ ಬಿದ್ದಾಗ ಅವಳು ಯಾರೆಂಬುದನ್ನು ಅರಸನು ಒಪ್ಪದೆಹೋದನು. ಅವಳು ಅವಳೇ ಆಗಿದ್ದಳು, ಸಾಕ್ಷಿ ಮಾತ್ರ ಮೀನಿನ ಹೊಟ್ಟೆಯಲ್ಲಿತ್ತು. ಮೊಬೈಲು ಕಾಲುವೆಗೆ ಬಿದ್ದ ರೈತನ ಗತಿಯೇನು? ಗೂಗಲ್ ಅಥವಾ ಆ್ಯಪಲ್ ಖಾತೆಯಲ್ಲಿ ಪಾಸ್‌ಕೀಯ ಪ್ರತಿಯನ್ನು ಭದ್ರವಾಗಿಟ್ಟು ಹೊಸ ಮೊಬೈಲಿಗೆ ಇಳಿಸಿಕೊಳ್ಳಬಹುದೆಂಬುದು ಉತ್ತರ. ಆದರೆ ಆ ಖಾತೆಯನ್ನು ತೆರೆದುಕೊಟ್ಟವನು ಮೊಬೈಲು ಅಂಗಡಿಯ ಹುಡುಗನಾಗಿದ್ದು, ಅದರ ಪಾಸ್‌ವರ್ಡು ಮಾಲೀಕನಿಗೆ ಎಂದೂ ತಿಳಿದೇ ಇಲ್ಲದಿದ್ದರೆ? ಉಂಗುರವಿದೆ, ಉಂಗುರದ ಪೆಟ್ಟಿಗೆಯ ಗುಟ್ಟು ಯಾರಿಗೂ ನೆನಪಿಲ್ಲ. ಕಬ್ಬು ಕಡಿದು ಸವೆದ ಬೆರಳನ್ನು ಯಂತ್ರವು ಗುರುತಿಸದಿರುವ ತೊಂದರೆಯನ್ನೂ ಇದಕ್ಕೆ ಸೇರಿಸಬೇಕು.

ಯಾವ ಕೀಲಿಯೂ ತಡೆಯಲಾರದ ಎರಡು ಅನರ್ಥಗಳನ್ನು ನಮ್ಮ ಜಿಲ್ಲೆಯೇ ಕಂಡಿದೆ. ೨೦೨೪ರಲ್ಲಿ ಗೋಕಾಕದ ಸಹಕಾರಿ ಬ್ಯಾಂಕೊಂದರಲ್ಲಿ ಸುಮಾರು ೭೪ ಕೋಟಿ ರೂಪಾಯಿಗಳ ವಂಚನೆಯ ಆರೋಪ ಬಂದುದು ಒಳಗಿನ ನೌಕರರ ಮೇಲೆ. ಠೇವಣಿದಾರರು ಯಾರಿಗೂ ಯಾವ ಗುಟ್ಟನ್ನೂ ಹೇಳಿರಲಿಲ್ಲ. ೨೦೨೫ರ ಮಾರ್ಚಿನಲ್ಲಿ ಖಾನಾಪುರ ತಾಲೂಕಿನ ವೃದ್ಧ ದಂಪತಿಗಳು, ಪೊಲೀಸರೆಂದು ನಟಿಸಿದ ವಂಚಕರ ಬೆದರಿಕೆಗೆ ಸಿಕ್ಕಿ ಹಣ ಕಳೆದುಕೊಂಡು ಪ್ರಾಣವನ್ನೂ ನೀಗಿಕೊಂಡರು. ಇಂಥ ವಂಚನೆಯಲ್ಲಿ ಮಾಲೀಕನೇ ತನ್ನ ಕೈಯಿಂದ ಬಾಗಿಲು ತೆರೆದು ಹಣ ಕೊಡುತ್ತಾನೆ. ಪಾಸ್‌ಕೀ ಅವನನ್ನು ಮಾಲೀಕನೆಂದೇ ಸರಿಯಾಗಿ ಗುರುತಿಸುತ್ತದೆ. ಹೆದರಿಕೆಗೆ ಮದ್ದು ಯಂತ್ರದಲ್ಲಿಲ್ಲ. ಕೂಡಲೇ ೧೯೩೦ಕ್ಕೆ ಕರೆ ಮಾಡುವ ಧೈರ್ಯವನ್ನು ಹೇಳುವ ನೆರೆಹೊರೆ ಬೇಕು.

ಹಾಗೆಂದು ಹೊಸ ಕೀಲಿಯನ್ನು ಬೇಡವೆನ್ನುವುದು ವಿವೇಕವಲ್ಲ. ಹೊಸ ವಿದ್ಯೆಗೆ ಈ ಭಾಗ ಎಂದೂ ಹಿಂದೆ ಸರಿದುದಿಲ್ಲ. ಜಲಪಾತದ ನೀರಿನ ಬಲದಿಂದ ಗೋಕಾಕದ ಗಿರಣಿ ತಿರುಗತೊಡಗಿದ್ದು ೧೮೮೦ರ ದಶಕದಲ್ಲಿ. ೧೯೬೯ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು, ಹಳ್ಳಿಗಳಿಗೆ ಬೆಳಕು ಹಂಚುವ ಕೆಲಸವನ್ನು ಸದಸ್ಯರ ಸ್ವಂತದ್ದನ್ನಾಗಿ ಮಾಡಿತು. ರಾಜ್ಯದಲ್ಲಿ ಅಂಥ ಸಂಘ ಅದೊಂದೇ. ವಿದ್ಯುತ್ತೆಂಬುದೂ ಒಂದು ಕಾಲಕ್ಕೆ ಕಣ್ಣಿಗೆ ಕಾಣದ, ಮುಟ್ಟಿದರೆ ಕೊಲ್ಲುವ ವಿಚಿತ್ರ ಶಕ್ತಿಯಾಗಿತ್ತು. ಅದನ್ನು ಜನ ತಮ್ಮದಾಗಿಸಿಕೊಂಡ ನೆಲದಲ್ಲಿ ಈ ಕೀಲಿಯನ್ನೂ ಸ್ವಂತವಾಗಿಸಿಕೊಳ್ಳುವುದು ಅಸಾಧ್ಯವೇನಲ್ಲ.

ಅದಕ್ಕೆ ಕೆಲವು ನಿಯಮಗಳು ಅವಶ್ಯ. ಆ್ಯಪನ್ನು ರಚಿಸುವವರು ಒಳಗೆ ಬರುವ ಕೀಲಿಯನ್ನೂ ಹಣ ಕೊಡುವ ಕೀಲಿಯನ್ನೂ ಬೇರೆಬೇರೆಯಾಗಿಡಲಿ. ಬಾಕಿ ನೋಡಬಲ್ಲವನು ಬಾಕಿಯನ್ನು ಬರಿದು ಮಾಡಬಲ್ಲವನಾಗಬಾರದು. ಅಪರಿಚಿತರಿಗೆ ದೊಡ್ಡ ಮೊತ್ತ ಹೋಗುವಾಗ ಕೆಲವು ಗಂಟೆಗಳ ತಡೆ ಇರಲಿ. ಮೊಬೈಲು ಕಳೆದವನು ಬ್ಯಾಂಕಿನ ಶಾಖೆಗೆ ತಾನೇ ಹೋಗಿ, ಮುಖ ತೋರಿಸಿ, ಹಳೆಯ ಕೀಲಿಯನ್ನು ರದ್ದುಪಡಿಸಿ ಹೊಸದನ್ನು ಪಡೆಯುವಂತಿರಲಿ. ‘ನೀವು ಇಂಥವರಿಗೆ ಇಷ್ಟು ಹಣ ಕೊಡುತ್ತಿದ್ದೀರಿ’ ಎಂಬ ಮಾತನ್ನು ಆ್ಯಪು ತಿಳಿಗನ್ನಡದಲ್ಲಿ, ಓದಲಾರದವರಿಗೆ ಕೇಳುವಂತೆ, ಹೇಳಲಿ. ರಿಜರ್ವ್ ಬ್ಯಾಂಕಿನ ಹೊಸ ನಿರ್ದೇಶನಗಳನ್ನು ಪಾಲಿಸದೆ ನಡೆದ ವ್ಯವಹಾರದಿಂದ ನಷ್ಟವಾದರೆ ಸಂಸ್ಥೆಯೇ ಅದನ್ನು ಪೂರ್ಣವಾಗಿ ತುಂಬಿಕೊಡಬೇಕೆಂಬ ವಿಧಿಯುಂಟು. ಅದನ್ನು ಗ್ರಾಹಕನಿಗೆ ತಿಳಿಸಿ ಹೇಳುವ ಹೊಣೆ ಸಹಕಾರಿ ಸಂಸ್ಥೆಗಳದು.

ಉಳಿದ ಹೊಣೆ ವಿದ್ಯಾರ್ಥಿಗಳದು ಮತ್ತು ಶಿಕ್ಷಕರದು. ಹಳ್ಳಿಯ ಮನೆಗಳಲ್ಲಿ ಹಿರಿಯರ ಮೊಬೈಲಿಗೆ ಕೀಲಿ ಹಾಕಿಕೊಡುವವರು ಕಾಲೇಜಿಗೆ ಹೋಗುವ ಮಕ್ಕಳೇ. ಅನುಕೂಲಕ್ಕೆಂದು ಅವರು ತಮ್ಮ ಬೆರಳನ್ನೂ ಅದರಲ್ಲಿ ಸೇರಿಸಿಬಿಡುತ್ತಾರೆ, ಅದರಲ್ಲಿ ಕಪಟವಿರುವುದಿಲ್ಲ. ಆದರೂ ಅಜ್ಜಿಯ ಮೊಬೈಲಿನಲ್ಲಿ ಅಜ್ಜಿಯ ಬೆರಳು ಮಾತ್ರ ಇರಬೇಕು. ಖಾತೆಯ ವಿವರಗಳನ್ನು ಒಂದು ಕಾಗದದಲ್ಲಿ ಬರೆದು ಅವಳ ಟ್ರಂಕಿನಲ್ಲಿಯೇ ಇಡಬೇಕು. ತಡವಾದರೂ ಚಿಂತೆಯಿಲ್ಲ, ಗುಂಡಿಯನ್ನು ಅವಳೇ ಒತ್ತಲಿ ಎಂದು ಪಕ್ಕದಲ್ಲಿ ಕುಳಿತು ಕಾಯಬೇಕು. ಕಲಿತವನು ಕಲಿಯದವರ ಪರವಾಗಿ ಕೀಲಿಕೈಯನ್ನು ಹಿಡಿದುಕೊಳ್ಳುವುದು ಸುಲಭ; ಅವರ ಕೈಗೇ ಅದನ್ನು ಕೊಟ್ಟು ತೆರೆಯಲು ಕಲಿಸುವುದು ವಿದ್ಯೆಯ ಕೆಲಸ.