ಹಿರಿಯರ ಕೈಗೆ ಮತ್ತೆ ಗಿಟಾರು



ನಮ್ಮ ಲೈನಿನ ಹಿರಿಯರೊಬ್ಬರು ತೋಟದ ಲೆಕ್ಕ ತೀರಿಸಿಕೊಂಡ ಮರುವಾರವೇ ಅಟ್ಟದ ಮೇಲಿನ ಹಳೆಯ ಗಿಟಾರನ್ನು ಕೆಳಗಿಳಿಸಿದರು. ಹರೆಯದಲ್ಲಿ ಅವರು ದೇವಾಲಯದ ಗಾಯನವೃಂದಕ್ಕೆ ಅದನ್ನೇ ನುಡಿಸುತ್ತಿದ್ದರು. ಮದುವೆ, ಮಕ್ಕಳು, ಸಾಲ, ಬೆಳಗಿನ ಮಸ್ಟರು ಇವುಗಳ ನಡುವೆ ಅದು ಅಟ್ಟ ಸೇರಿ ಮೂವತ್ತು ವರ್ಷವಾಗಿತ್ತು. ಈಗ ಕೆಲವರು, "ಜಪಸರ ಹಿಡಿಯುವ ವಯಸ್ಸಿಗೆ ಇದೇನು ಹುಡುಗಾಟ?" ಎಂದು ನಕ್ಕರು. ಆ ನಗೆ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಗಿಟಾರು ದೇವಾಲಯಕ್ಕೆ ಹೊರಗಿನದಲ್ಲ. ಆಸ್ಟ್ರಿಯ ದೇಶದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ 1818ರ ಡಿಸೆಂಬರ್ 24ರಂದು 'ಸೈಲೆಂಟ್ ನೈಟ್' ಗೀತೆಯನ್ನು ಮೊದಲ ಬಾರಿಗೆ ಹಾಡಿದ್ದು ಗಿಟಾರಿನೊಂದಿಗೇ. ಬರೆದವರು ಜೋಸೆಫ್ ಮೋರ್ ಎಂಬ ಗುರುಗಳು, ರಾಗ ಹಾಕಿದವರು ಫ್ರಾನ್ಸ್ ಗ್ರೂಬರ್ ಎಂಬ ಶಾಲಾ ಮಾಸ್ತರರು.

ಕವಾತು ಕತ್ತಿ ಹಿಡಿದ ಕೈ ತಂತಿಗೆ ಬಗ್ಗದು ಎನ್ನುವವರೂ ಇದ್ದಾರೆ. ನಾವು ಕಂಡದ್ದು ಬೇರೆ. ಅಂಗೈ ಜಡ್ಡುಗಟ್ಟಿದ್ದರೂ ಬೆರಳ ತುದಿ ಮೆತ್ತಗಿರುತ್ತದೆ. ಮೊದಲ ಕೆಲವು ವಾರ ತಂತಿ ಕೊಯ್ಯುತ್ತದೆ, ಆಮೇಲೆ ಚರ್ಮ ಗಟ್ಟಿಯಾಗುತ್ತದೆ. ದಿನಕ್ಕೆ ಕಾಲು ಗಂಟೆ ಸಾಕು. ಗೆಣ್ಣು ನೋಯುವವರು ತೆಳ್ಳನೆಯ ತಂತಿ ಹಾಕಿಸಲಿ. ಆರು ತಂತಿಗಳನ್ನೂ ಅರ್ಧ ಸ್ವರ ಇಳಿಸಿದರೆ ಬಿಗಿ ಕಡಿಮೆಯಾಗುತ್ತದೆ. ಮಲೆಯ ತೇವಕ್ಕೆ ಮರ ಬಾಗಿ ತಂತಿ ಮೇಲೆದ್ದಿದ್ದರೆ ಬಲ್ಲವರಿಂದ ಸರಿಮಾಡಿಸಬೇಕು, ಬೆರಳನ್ನು ಶಿಕ್ಷಿಸಬಾರದು. ಜಿ, ಸಿ, ಡಿ ಎಂಬ ಮೂರು ಕಾರ್ಡುಗಳಲ್ಲೇ ಎಷ್ಟೋ ಗೀತೆಗಳು ನಡೆಯುತ್ತವೆ.

ಹಳೆಯದಿದ್ದರೆ ಅದನ್ನೇ ರಿಪೇರಿ ಮಾಡಿಸಿ, ಹೊಸದಕ್ಕೆಂದು ಗ್ರಾಚ್ಯುಟಿ ಹಣ ಮುಟ್ಟಬೇಡಿ. 1972ರಲ್ಲಿ ಕಾನೂನಾಗಿ ಬಂದ ಆ ಹಕ್ಕು ದುಡಿದ ಪ್ರತಿ ವರ್ಷಕ್ಕೆ 15 ದಿನಗಳ ಸಂಬಳ. 30 ದಿನಗಳೊಳಗೆ ಕೈಸೇರಬೇಕಾದದ್ದು. ತಡವಾದರೆ ಸಂಘಕ್ಕೆ ತಿಳಿಸಿ.

ನಿವೃತ್ತಿಯ ದಿನ ಮಸ್ಟರಿನಿಂದ ಹೆಸರು ಹೋಗುತ್ತದೆ. ಮನೆಯಲ್ಲಿ ತೋಟಕ್ಕೆ ಹೋಗುವವರು ಬೇರೆ ಯಾರೂ ಇಲ್ಲದಿದ್ದರೆ ಲೈನ್ ಮನೆಯನ್ನೂ ಬಿಡಬೇಕಾಗುತ್ತದೆ. "ಇನ್ನು ನಾನು ಯಾರಿಗೂ ಬೇಡ" ಎಂಬ ಕೊರಗು ಹುಟ್ಟುವುದು ಆಗಲೇ. ಆ ಕೊರಗಿಗೆ ಹೆಂಡದಂಗಡಿಯ ದಾರಿ ಬಲು ಹತ್ತಿರ. ಇತ್ತ ಹುಡುಗರು ತಿರುಪ್ಪೂರು, ಕೊಯಮತ್ತೂರು ಸೇರಿದ್ದಾರೆ. ನುಡಿಸುವವರಿಲ್ಲದೆ ನಾವು ಮೊಬೈಲಿನ ವಾದ್ಯಕ್ಕೆ ಹಾಡುತ್ತಿದ್ದೇವೆ. ಹಿರಿಯರು ನುಡಿಸಿದರೆ ತಾಳ ನಿಧಾನವಾಗುತ್ತದೆಂಬ ದೂರು ನಿಜವೇ. ಆದರೆ ಉಸಿರು ಸಾಲದ ಅಜ್ಜಿಗಾಗಿ ಮೊಬೈಲು ಕಾಯುವುದಿಲ್ಲ, ನುಡಿಸುವ ಮನುಷ್ಯ ಕಾಯುತ್ತಾನೆ.

ಆದ್ದರಿಂದ ಶನಿವಾರ ಸಂಜೆ ಒಂದು ಗಂಟೆ ದೇವಾಲಯದ ಕೋಣೆಯನ್ನು ಇವರಿಗೆ ತೆರೆದಿಡೋಣ. ಇಬ್ಬರು ಮಕ್ಕಳು ಪಕ್ಕದಲ್ಲಿ ಕೂತು ಕಲಿಯಲಿ. ಹೆಂಗಸರೂ ಬರಲಿ. ಹರೆಯದಲ್ಲಿ ಅವರ ಕೈಗೆ ಈ ವಾದ್ಯವನ್ನು ನಾವು ಕೊಡಲೇ ಇಲ್ಲ. ಎಲೆ ಕಿತ್ತ ಆ ಚುರುಕು ಬೆರಳುಗಳು ಈಗಲಾದರೂ ತಂತಿ ಮುಟ್ಟಲಿ.

ದುಡಿದು ದಣಿದ ಕೈಗಳನ್ನು ಕರ್ತರು ಆಶೀರ್ವದಿಸಲಿ.