ಸಂಬಳದ ಜಾಗಕ್ಕೆ ಶಹಬ್ಬಾಸ್ ಬೇಡ

ತಂಡವನ್ನು ಹುರಿದುಂಬಿಸುವುದು ಹೇಗೆಂದು ಮ್ಯಾನೇಜರ್‌ಗಳಿಗೆ ತರಬೇತಿ ಕೊಡುವಾಗ ಆಟ ಆಡಿಸುತ್ತಾರೆ, ಘೋಷಣೆ ಕೂಗಿಸುತ್ತಾರೆ. ನನಗೆ ಅದಕ್ಕಿಂತ ಫ್ರೆಡರಿಕ್ ಹರ್ಜ್‌ಬರ್ಗ್ ಅವರ ದಾರಿ ಹಿಡಿಸಿತು. ಅಮೆರಿಕದ ಪಿಟ್ಸ್‌ಬರ್ಗ್ ಭಾಗದ ಸುಮಾರು 200 ಇಂಜಿನಿಯರ್ ಮತ್ತು ಅಕೌಂಟೆಂಟ್‌ಗಳಿಗೆ ಅವರ ತಂಡ ಕೇಳಿದ್ದು ಸರಳ ಪ್ರಶ್ನೆ: ಕೆಲಸದಲ್ಲಿ ತುಂಬಾ ಖುಷಿಯಾದದ್ದು ಯಾವಾಗ, ತುಂಬಾ ಬೇಸರವಾದದ್ದು ಯಾವಾಗ? 1959ರಲ್ಲಿ ಪುಸ್ತಕವಾಗಿ ಬಂದ ಆ ಅಧ್ಯಯನದಲ್ಲಿ ಖುಷಿಗೆ ಹೆಚ್ಚಾಗಿ ಸಾಧನೆ, ಮೆಚ್ಚುಗೆ ಕಾರಣವಾಗಿದ್ದವು. ಬೇಸರಕ್ಕೆ ಕಂಪನಿಯ ನಿಯಮ, ಮೇಲಿನವರ ವರ್ತನೆ.

ಪ್ರತಿ ಸೂಪರ್‌ವೈಸರ್‌ಗೂ ಇದೇ ಅಭ್ಯಾಸ ಮಾಡಿಸಬೇಕು. ಮೊದಲು ತನ್ನ ಉತ್ತರ ಬರೆಯಲಿ. ಆಮೇಲೆ ಕೈಕೆಳಗಿನವರ ಉತ್ತರವನ್ನು ನಡುವೆ ಬಾಯಿ ಹಾಕದೆ ಕೇಳಲಿ. ಖರ್ಚು ಒಂದು ಹಾಳೆ.

ಆದರೆ ಕೇಳಿ ಸುಮ್ಮನಾಗಬಾರದು. ನಮ್ಮ ಆಪಾ ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಾರೆ. ಓಟಿ ದುಡ್ಡು ತಡವಾದ ತಿಂಗಳಲ್ಲೇ ಅವರಿಗೆ ‘ಬೆಸ್ಟ್ ಟೈಲರ್’ ಸರ್ಟಿಫಿಕೇಟ್ ಸಿಕ್ಕಿತು. "ಇದನ್ನು ಕಿರಾಣಿ ಅಂಗಡಿಯವರು ತಗೋತಾರಾ?" ಎಂದರು ಅಮ್ಮಿ. ಹರ್ಜ್‌ಬರ್ಗ್ ಹೇಳಿದ್ದೂ ಅದೇ: ಅಸಮಾಧಾನದ ಕಾರಣಗಳೇ ಬೇರೆ, ಅವನ್ನು ಪ್ರತ್ಯೇಕವಾಗಿಯೇ ಸರಿಪಡಿಸಬೇಕು.

ಕಾಮರ್ಸ್ ಓದುವ ನಮ್ಮಲ್ಲಿ ಕೆಲವರು ನಾಳೆ ಮ್ಯಾನೇಜರ್ ಆಗುತ್ತೇವೆ. ಬಾಕಿ ಚುಕ್ತಾ ಮಾಡಿ, ನಂತರ ಬೆನ್ನು ತಟ್ಟೋಣ.