ಮೋಡ ಗುಡುಗಿದಾಗ ಮೊಬೈಲ್ ಆಫ್ ಮಾಡಬೇಕೇ? ಫಾರ್ವರ್ಡ್ ಹೇಳುವುದೇನು, ವಿಜ್ಞಾನ ಹೇಳುವುದೇನು

ಬೇಸಿಗೆಯ ಕೊನೆಗೆ ಅಶ್ವಿನಿ, ಭರಣಿ ಮಳೆಗಳು ಶುರುವಾದರೆ ಸಾಕು, ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಹಳೆಯ ಸಂದೇಶ ಮತ್ತೆ ಓಡಾಡತೊಡಗುತ್ತದೆ. ‘ಗುಡುಗು ಮಿಂಚು ಇರುವಾಗ ಮೊಬೈಲ್ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ, ಡೇಟಾ ಬಂದ್ ಮಾಡಿ, ಸ್ವಿಚ್ ಆಫ್ ಮಾಡಿ, ಮೊಬೈಲ್ ಸಿಡಿಲನ್ನು ಎಳೆದುಕೊಳ್ಳುತ್ತದೆ’ ಎಂಬುದು ಅದರ ಸಾರ. ಜೊತೆಗೆ ಸುಟ್ಟು ಕರಕಲಾದ ಫೋನಿನ ಒಂದು ಚಿತ್ರವೂ ಇರುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಈ ಸಂದೇಶ ನಿಜವೇ?

ನೇರವಾಗಿ ಹೇಳುವುದಾದರೆ, ಜೇಬಿನಲ್ಲಿರುವ ಮೊಬೈಲ್ ಸಿಡಿಲನ್ನು ಎಳೆಯುವುದಿಲ್ಲ. ಅದನ್ನು ಆಫ್ ಮಾಡಿದ ಮಾತ್ರಕ್ಕೆ ನೀವು ಸುರಕ್ಷಿತರಾಗುವುದೂ ಇಲ್ಲ. ಈ ಸಂದೇಶದಿಂದ ಆಗುವ ತೊಂದರೆ ಬೇರೆಯದೇ ಇದೆ. ಫೋನ್ ಆಫ್ ಮಾಡಿ, ‘ಇನ್ನು ಭಯವಿಲ್ಲ’ ಎಂದುಕೊಂಡು ಬದುವಿನ ಮೇಲಿನ ಬೇವಿನ ಗಿಡದ ಕೆಳಗೆ ನಿಂತವರು ನಿಜವಾದ ಅಪಾಯದ ಜಾಗದಲ್ಲೇ ನಿಂತಿರುತ್ತಾರೆ.

ನಮ್ಮ ತಾಲ್ಲೂಕುಗಳಲ್ಲಿ ಇದು ಯಾಕೆ ಮುಖ್ಯ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹೊಲಗಳನ್ನು ನೆನಪಿಸಿಕೊಳ್ಳಿ. ಕಣ್ಣು ಹಾಯುವಷ್ಟು ದೂರ ಬಯಲು, ಎರೆ ಭೂಮಿ. ಎಲ್ಲೋ ಒಂದು ಬೇವಿನ ಗಿಡ, ಒಂದು ಜಾಲಿ ಗಿಡ. ಇಂತಹ ಬಯಲಿನಲ್ಲಿ ನಿಂತ ಮನುಷ್ಯನೇ ಸುತ್ತಲಿನ ಎಲ್ಲಕ್ಕಿಂತ ಎತ್ತರದ ವಸ್ತು. ಮಳೆಯಿಂದ ತಪ್ಪಿಸಿಕೊಳ್ಳಲು ಇರುವ ಏಕೈಕ ಆಸರೆ ಆ ಒಂಟಿ ಗಿಡ.

ಸಿಡಿಲಿನ ಕಾಲವೂ ಕೆಲಸದ ಕಾಲವೂ ಇಲ್ಲಿ ಒಂದೇ. ಏಪ್ರಿಲ್, ಮೇ ತಿಂಗಳಲ್ಲಿ ಹಗಲಿಡೀ ಭೂಮಿ ಕಾದು, ಮಧ್ಯಾಹ್ನ ಕಳೆದ ಮೇಲೆ ದಿಢೀರನೆ ಮೋಡ ಏಳುತ್ತದೆ. ಆಗ ಕೆಲವರು ಹೊಲ ಹರಗುತ್ತಿರುತ್ತಾರೆ, ಕೆಲವರು ನಿಂಬೆ ತೋಟದಲ್ಲಿರುತ್ತಾರೆ, ಕುರಿಗಾಹಿಗಳು ಬಯಲಿನಲ್ಲಿರುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಹಿಂಗಾರಿನಲ್ಲಿ ತೊಗರಿ, ಜೋಳದ ಕೆಲಸ ನಡೆಯುವಾಗಲೂ ಹೀಗೆಯೇ.

ದೇಶದ ಲೆಕ್ಕ ನೋಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ ಸಿಡಿಲು ಬಡಿದು ಭಾರತದಲ್ಲಿ 2021ರಲ್ಲಿ 2,880 ಜನ, 2022ರಲ್ಲಿ 2,887 ಜನ ಸತ್ತಿದ್ದಾರೆ. ನಿಸರ್ಗದ ಹೊಡೆತದಿಂದ ಆಗುವ ಸಾವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಿಡಿಲಿನಿಂದಲೇ ಆಗುತ್ತವೆ. ಇವರಲ್ಲಿ ಬಹುಪಾಲು ಹಳ್ಳಿಯವರು, ಹೊಲದಲ್ಲಿ ದುಡಿಯುವವರು. ಲೈಟ್ನಿಂಗ್ ರೆಸಿಲಿಯಂಟ್ ಇಂಡಿಯಾ ಅಭಿಯಾನದ ವರದಿಯಲ್ಲಿ ಸತ್ತವರ ಪೈಕಿ ಸುಮಾರು ಶೇ 71ರಷ್ಟು ಮಂದಿ ಮರದ ಕೆಳಗೆ ನಿಂತವರು ಎಂದಿದೆ. ಅಂದರೆ ಸುಮಾರು ಹತ್ತರಲ್ಲಿ ಏಳು ಸಾವು.

ಸಿಡಿಲು ಜಾಗ ಆರಿಸುವುದು ಹೇಗೆ?

ಮೋಡದೊಳಗೆ ಮಂಜಿನ ಹರಳುಗಳು, ಆಲಿಕಲ್ಲುಗಳು ಒಂದಕ್ಕೊಂದು ಉಜ್ಜಿ ವಿದ್ಯುತ್ ಆವೇಶ ತುಂಬಿಕೊಳ್ಳುತ್ತದೆ. ಅದು ತೀರಾ ಹೆಚ್ಚಾದಾಗ ಗಾಳಿಯನ್ನು ಸೀಳಿಕೊಂಡು ನೆಲದ ಕಡೆ ಇಳಿಯುತ್ತದೆ. ಒಂದೇ ಏಟಿಗೆ ಇಳಿಯುವುದಿಲ್ಲ, ಸುಮಾರು 50 ಮೀಟರ್‌ನ ಒಂದೊಂದು ಹೆಜ್ಜೆ ಇಡುತ್ತಾ ಬರುತ್ತದೆ. ಕೆಳಗೆ ಏನಿದೆ ಎಂಬುದು ಅದಕ್ಕೆ ಲೆಕ್ಕಕ್ಕೆ ಬರುವುದು ಕೊನೆಯ ಒಂದೆರಡು ಹೆಜ್ಜೆಯಲ್ಲಿ ಮಾತ್ರ. ಅಲ್ಲಿ ಮೂರು ಸಂಗತಿ ಮುಖ್ಯವಾಗುತ್ತವೆ: ಎತ್ತರ, ಚೂಪಾದ ತುದಿ ಮತ್ತು ಸುತ್ತಮುತ್ತ ಬೇರೇನೂ ಇಲ್ಲದ ಒಂಟಿತನ.

ಒಂದು ಮಿಂಚಿನಲ್ಲಿ ಸುಮಾರು 30,000 ಆಂಪಿಯರ್‌ನಷ್ಟು ವಿದ್ಯುತ್ ಹರಿಯುತ್ತದೆ. ಅದು ಹಾಯ್ದ ದಾರಿಯ ಗಾಳಿ ಸೂರ್ಯನ ಮೇಲ್ಮೈಗಿಂತ ಸುಮಾರು ಐದು ಪಟ್ಟು ಬಿಸಿಯಾಗುತ್ತದೆ. ಕಿಲೋಮೀಟರುಗಟ್ಟಲೆ ಎತ್ತರದಿಂದ ಇಳಿಯುವ ಇಂತಹ ಶಕ್ತಿಗೆ ನಿಮ್ಮ ಎದೆಯ ಜೇಬಿನಲ್ಲಿರುವ 200 ಗ್ರಾಂ ತೂಕದ ಫೋನ್ ಒಂದು ಲೆಕ್ಕವೇ ಅಲ್ಲ. ಫೋನ್ ಇಟ್ಟುಕೊಂಡರೆ ನಿಮ್ಮ ಎತ್ತರ ಹೆಚ್ಚುವುದಿಲ್ಲ, ಇಳಿಸಿಟ್ಟರೆ ಕಡಿಮೆಯಾಗುವುದೂ ಇಲ್ಲ.

ಹಾಗಾದರೆ ಸಿಗ್ನಲ್? ಫೋನ್ ಹೊರಡಿಸುವ ರೇಡಿಯೋ ತರಂಗಗಳು ತೀರಾ ದುರ್ಬಲ. ಹೆಚ್ಚೆಂದರೆ ಒಂದೆರಡು ವ್ಯಾಟ್, ಬಹಳ ಹೊತ್ತು ಅದಕ್ಕೂ ಕಡಿಮೆ. ಗಾಳಿಯಲ್ಲಿ ವಿದ್ಯುತ್ ಹರಿಯಲು ದಾರಿ ಮಾಡಿಕೊಡುವ ಶಕ್ತಿ ಅವಕ್ಕಿಲ್ಲ. ‘ಮೊಬೈಲ್ ಟವರ್‌ಗೆ ಸಿಡಿಲು ಬಡಿಯುತ್ತದಲ್ಲ’ ಎಂದು ಕೇಳಬಹುದು. ಬಡಿಯುತ್ತದೆ, ಆದರೆ ಅದು ಎತ್ತರವಾಗಿದೆ ಎಂಬ ಕಾರಣಕ್ಕೆ. ಸಿಗ್ನಲ್ ಇಲ್ಲದ ಗುಡಿಯ ಗೋಪುರಕ್ಕೂ ತೆಂಗಿನ ಮರಕ್ಕೂ ಬಡಿಯುವುದು ಇದೇ ಕಾರಣಕ್ಕೆ.

ಈ ನಂಬಿಕೆ ಎಲ್ಲಿಂದ ಬಂತು?

2006ರ ಜೂನ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲಂಡನ್‌ನ ವೈದ್ಯರ ಒಂದು ಪತ್ರ ಪ್ರಕಟವಾಯಿತು. ಉದ್ಯಾನವೊಂದರಲ್ಲಿ ಮೊಬೈಲ್‌ನಲ್ಲಿ ಮಾತನಾಡುತ್ತಿದ್ದ 15 ವರ್ಷದ ಹುಡುಗಿಗೆ ಸಿಡಿಲು ಬಡಿದಿತ್ತು. ಆಕೆ ಬದುಕಿದಳು, ಆದರೆ ಫೋನ್ ಹಿಡಿದಿದ್ದ ಕಡೆಯ ಕಿವಿಯ ತಮಟೆ ಹರಿದಿತ್ತು. ಆ ವೈದ್ಯರ ಕಳಕಳಿ ಇದ್ದದ್ದು ಗಾಯದ ಬಗ್ಗೆ. ಸಿಡಿಲು ಬಡಿದಾಗ ವಿದ್ಯುತ್ತಿನ ಬಹುಪಾಲು ಚರ್ಮದ ಮೇಲಿನಿಂದಲೇ ಹರಿದುಹೋಗುತ್ತದೆ. ಆ ಹೊತ್ತಿಗೆ ಚರ್ಮಕ್ಕೆ ಲೋಹದ ವಸ್ತು ತಾಗಿದ್ದರೆ ಅದು ಒಳಗೆ ನುಗ್ಗಿ ಗಾಯ ಹೆಚ್ಚಾಗಬಹುದು ಎಂಬುದು ಅವರ ವಾದ. ಆದರೆ ಸುದ್ದಿ ಜಗತ್ತಿನ ಎಲ್ಲೆಡೆ ಹರಡುತ್ತಾ ಹೋದಂತೆ ‘ಗಾಯ ಹೆಚ್ಚಾಗಬಹುದು’ ಎಂಬ ಮಾತು ‘ಮೊಬೈಲ್ ಸಿಡಿಲನ್ನು ಎಳೆಯುತ್ತದೆ’ ಎಂದು ಬದಲಾಯಿತು. ಇವೆರಡೂ ಬೇರೆ ಬೇರೆ ಮಾತುಗಳು.

ಸುಟ್ಟ ಫೋನಿನ ಚಿತ್ರದ ವಿಷಯವೂ ಇಷ್ಟೇ. ಸಿಡಿಲು ದೇಹದ ಮೂಲಕ ಹಾಯ್ದರೆ ಬಟ್ಟೆ, ಚಪ್ಪಲಿ, ಬೆಲ್ಟಿನ ಬಕಲ್, ಫೋನ್ ಎಲ್ಲವೂ ಸುಡಬಹುದು. ಫೋನ್ ಸುಟ್ಟಿದೆ ಎಂದರೆ ಸಿಡಿಲು ಬಡಿದಿದೆ ಎಂದರ್ಥ. ಫೋನಿನಿಂದ ಸಿಡಿಲು ಬಂತು ಎಂದರ್ಥವಲ್ಲ.

ಇನ್ನೊಂದು ಸಂಗತಿ. ಇವತ್ತು ಹೊಲಕ್ಕೆ ಹೋಗುವ ಹೆಚ್ಚಿನವರ ಜೇಬಿನಲ್ಲಿ ಮೊಬೈಲ್ ಇದ್ದೇ ಇರುತ್ತದೆ. ಹೀಗಾಗಿ ಸಿಡಿಲಿಗೆ ಸಿಕ್ಕವರ ಜೇಬಿನಲ್ಲೂ ಅದು ಸಿಗುವುದು ಸಹಜ. ನಮ್ಮ ಅಜ್ಜಂದಿರ ಕಾಲದಲ್ಲಿ ಹೆಚ್ಚಿನವರ ಬಳಿ ಎಲೆ ಅಡಿಕೆಯ ಸಂಚಿ ಇರುತ್ತಿತ್ತು, ಆಗಲೂ ಸಿಡಿಲು ಬಡಿದು ಜನ ಸಾಯುತ್ತಿದ್ದರು. ಸಂಚಿಯೇ ಸಿಡಿಲನ್ನು ಕರೆಯಿತು ಎಂದು ಯಾರೂ ಹೇಳಲಿಲ್ಲ.

ಹಾಗಾದರೆ ಫೋನಿನಿಂದ ಅಪಾಯವೇ ಇಲ್ಲವೇ?

ಇದೆ, ಚಾರ್ಜಿಗೆ ಹಾಕಿದ್ದರೆ. ಊರಿನ ವಿದ್ಯುತ್ ತಂತಿಗೆ ಅಥವಾ ಅದರ ಹತ್ತಿರ ಸಿಡಿಲು ಬಡಿದರೆ ವಿದ್ಯುತ್ತಿನ ಅಲೆ ತಂತಿಗುಂಟ ಮನೆಯೊಳಗೆ ಬರುತ್ತದೆ. ಆಗ ಚಾರ್ಜರ್ ಸಿಕ್ಕಿಸಿದ ಫೋನ್ ಕೈಯಲ್ಲಿದ್ದರೆ ಅಪಾಯವಿದೆ. ತಂತಿಯಿರುವ ಹಳೆಯ ದೂರವಾಣಿಗೂ ಇದೇ ಮಾತು. ಆದ್ದರಿಂದ ಗುಡುಗು ಶುರುವಾಗುವ ಮೊದಲೇ ಚಾರ್ಜರ್, ಟಿವಿ, ಡಿಶ್ ಕೇಬಲ್‌ಗಳನ್ನು ಕಿತ್ತಿಡಿ. ಗುಡುಗು ಜೋರಾದ ಮೇಲೆ ಅವನ್ನು ಮುಟ್ಟಲು ಹೋಗಬೇಡಿ. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯನ್ನೂ ಆ ಹೊತ್ತಿನಲ್ಲಿ ಮುಟ್ಟಬಾರದು. ನಲ್ಲಿಯಡಿ ಸ್ನಾನ, ಪಾತ್ರೆ ತೊಳೆಯುವುದನ್ನು ಸ್ವಲ್ಪ ಹೊತ್ತು ಮುಂದೂಡಿ.

ಎರಡನೆಯದು, ಗಮನ ತಪ್ಪುವುದು. ಬಯಲಿನಲ್ಲಿ ನಿಂತು ಮೋಡದ ವಿಡಿಯೊ ಮಾಡುವುದು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಗುಡುಗು ಕೇಳಿಸದಂತೆ ಇರುವುದು ಅಪಾಯ. ಇಲ್ಲಿ ತಪ್ಪು ಫೋನಿನದಲ್ಲ. ಒಳಗೆ ಹೋಗಬೇಕಾದ ಹೊತ್ತಿನಲ್ಲಿ ಹೊರಗೆ ನಿಂತದ್ದೇ ತಪ್ಪು.

ಮನೆಯೊಳಗೆ ಕುಳಿತು, ಚಾರ್ಜಿಗೆ ಹಾಕದ ಮೊಬೈಲ್ ಬಳಸಿದರೆ ಏನೂ ಆಗುವುದಿಲ್ಲ.

ಆಫ್ ಮಾಡಿದರೆ ಕಳೆದುಕೊಳ್ಳುವುದೇನು?

ಸಿಡಿಲಿನ ಮುನ್ಸೂಚನೆ ಈಗ ಬರುವುದೇ ಮೊಬೈಲ್‌ಗೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್, ನೀವಿರುವ ಜಾಗದಿಂದ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಸಿಡಿಲು ಬೀಳುತ್ತಿದೆಯೇ ಎಂದು ತಿಳಿಸುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ‘ಸಿಡಿಲು’ ಎಂಬ ಹೆಸರಿನದೇ ಒಂದು ಆ್ಯಪ್ ರೂಪಿಸಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್ ಕೂಡ ಇದೆ. ಇವು ಕೆಲಸ ಮಾಡಬೇಕಾದರೆ ಡೇಟಾ ಮತ್ತು ಲೊಕೇಶನ್ ಎರಡೂ ಆನ್ ಇರಬೇಕು. ಫಾರ್ವರ್ಡ್ ಆಫ್ ಮಾಡಲು ಹೇಳುವುದು ಇದನ್ನೇ.

2023ರ ಅಕ್ಟೋಬರ್ 12ರಂದು ಕರ್ನಾಟಕದ ಅನೇಕ ಫೋನ್‌ಗಳು ಒಮ್ಮೆಲೇ ಜೋರಾಗಿ ಸದ್ದು ಮಾಡಿದ್ದು ನಿಮಗೆ ನೆನಪಿರಬಹುದು. ಅದು ಹ್ಯಾಕ್ ಆಗಿರಲಿಲ್ಲ. ತುರ್ತು ಎಚ್ಚರಿಕೆ ಕಳಿಸುವ ವ್ಯವಸ್ಥೆಯ ಪರೀಕ್ಷೆ ಅದಾಗಿತ್ತು. ಇಂತಹ ಎಚ್ಚರಿಕೆಗೆ ಡೇಟಾ ಬೇಕಿಲ್ಲ, ಆದರೆ ಫೋನ್ ಆನ್ ಆಗಿರಬೇಕು, ನೆಟ್‌ವರ್ಕ್ ಇರಬೇಕು. ಅಷ್ಟೇ ಅಲ್ಲ, ಹೊಲದಲ್ಲಿ ಯಾರಿಗಾದರೂ ಸಿಡಿಲು ಬಡಿದರೆ 108ಕ್ಕೆ ಕರೆ ಮಾಡಬೇಕಾದದ್ದೂ ಅದೇ ಫೋನಿನಿಂದ.

ಹಾಗೆಂದು ಆ್ಯಪ್ ಒಂದನ್ನೇ ನಂಬಿ ಕೂರುವುದೂ ಬೇಡ. ಹೊಲದಲ್ಲಿ ನೆಟ್‌ವರ್ಕ್ ಸಿಗದೇ ಇರಬಹುದು, ಎಚ್ಚರಿಕೆ ತಡವಾಗಿ ಬರಬಹುದು. ನಮ್ಮ ಕಿವಿಯೇ ಎಲ್ಲಕ್ಕಿಂತ ದೊಡ್ಡ ಆ್ಯಪ್. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಒಂದು, ಎರಡು, ಮೂರು ಎಂದು ಎಣಿಸಿ. ಪ್ರತಿ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ, ಮುಂದಿನದು ನಿಮ್ಮ ಹತ್ತಿರವೇ ಬೀಳಬಹುದು. ತಕ್ಷಣ ಒಳಗೆ ಹೋಗಿ. ಕೊನೆಯ ಗುಡುಗು ಕೇಳಿದ ಮೇಲೂ 30 ನಿಮಿಷ ಹೊರಗೆ ಬರಬೇಡಿ. ಮಳೆ ನಿಂತಿತು ಎಂದು ಬೇಗನೆ ಹೊರಬಿದ್ದವರಿಗೂ ಸಿಡಿಲು ಬಡಿದದ್ದುಂಟು.

ಒಳಗೆ ಎಂದರೆ ಎಲ್ಲಿಗೆ?

ಆರ್‌ಸಿಸಿ ಛಾವಣಿಯ ಪಕ್ಕಾ ಮನೆ, ಶಾಲೆ, ಪಂಚಾಯಿತಿ ಕಟ್ಟಡ ಒಳ್ಳೆಯದು. ಮೇಲೆ ತಗಡಿನ ಮುಚ್ಚಳವಿರುವ ಕಾರು, ಬಸ್ಸು, ಜೀಪಿನೊಳಗೆ ಕಿಟಕಿ ಏರಿಸಿ ಕೂತರೂ ಆದೀತು. ಬೈಕ್, ಮುಚ್ಚಿದ ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್, ಬದಿಗಳು ತೆರೆದಿರುವ ಪತ್ರಾಸಿನ ಶೆಡ್, ಗುಡಿಸಲು, ಗುಡಿಯ ತೆರೆದ ಮಂಟಪ ಸುರಕ್ಷಿತವಲ್ಲ.

ಗಿಡದ ಕೆಳಗೆ ಯಾಕೆ ಬೇಡ ಎಂಬುದಕ್ಕೆ ಎರಡು ಕಾರಣ. ಗಿಡಕ್ಕೆ ಬಡಿದ ಸಿಡಿಲು ಕಾಂಡದಿಂದ ಪಕ್ಕದಲ್ಲಿ ನಿಂತವರ ಮೈಗೆ ಹಾರುತ್ತದೆ. ಜೊತೆಗೆ ಬೇರಿನ ಸುತ್ತಲಿನ ಹಸಿ ನೆಲದಲ್ಲೂ ಹರಡಿ, ಒಂದು ಕಾಲಿನಿಂದ ಏರಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಒಂದೇ ಸಿಡಿಲಿಗೆ ಹತ್ತಾರು ಕುರಿಗಳು ಸಾಯುವುದು ಹೀಗೆಯೇ. ಅವುಗಳ ಮುಂಗಾಲು, ಹಿಂಗಾಲುಗಳ ನಡುವಿನ ಅಂತರ ಹೆಚ್ಚು, ಮೇಲಾಗಿ ಗಿಡದಡಿ ಗುಂಪಾಗಿ ನಿಂತಿರುತ್ತವೆ.

ಓಡಿ ಹೋಗಲು ಹತ್ತಿರದಲ್ಲಿ ಯಾವ ಕಟ್ಟಡವೂ ಇಲ್ಲದಿದ್ದರೆ? ಬಯಲಿನಲ್ಲಿ ಪೂರ್ತಿ ಸುರಕ್ಷಿತ ಜಾಗವೆಂಬುದಿಲ್ಲ. ಆದರೆ ಅಪಾಯ ಕಡಿಮೆ ಮಾಡಬಹುದು. ಗಿಡ, ವಿದ್ಯುತ್ ಕಂಬ, ತಂತಿಬೇಲಿ, ಕೃಷಿ ಹೊಂಡದಿಂದ ದೂರ ಸರಿಯಿರಿ. ದಿಬ್ಬದ ಮೇಲಿದ್ದರೆ ತಗ್ಗಿಗೆ ಇಳಿಯಿರಿ. ನಾಲ್ಕಾರು ಜನರಿದ್ದರೆ ಒಟ್ಟಿಗೆ ನಿಲ್ಲದೆ ದೂರ ದೂರ ಇರಿ. ಎರಡೂ ಪಾದ ಜೋಡಿಸಿ, ತಲೆ ತಗ್ಗಿಸಿ ಕುಕ್ಕರುಗಾಲಿನಲ್ಲಿ ಕೂರಿ, ನೆಲದ ಮೇಲೆ ಮಲಗಬೇಡಿ. ಇದು ಬೇರೆ ದಾರಿಯೇ ಇಲ್ಲದಾಗಿನ ಉಪಾಯ. ಮೋಡ ಕಪ್ಪಾದಾಗಲೇ ಮನೆಯ ದಾರಿ ಹಿಡಿಯುವುದು ಇದಕ್ಕಿಂತ ಉತ್ತಮ.

ಸಿಡಿಲು ಬಡಿದವರನ್ನು ಮುಟ್ಟಬಹುದೇ?

ಖಂಡಿತ ಮುಟ್ಟಬಹುದು. ‘ಮೈಯಲ್ಲಿ ಕರೆಂಟ್ ಇರುತ್ತದೆ, ಮುಟ್ಟಬೇಡಿ’ ಎಂಬ ಇನ್ನೊಂದು ಸಂದೇಶವೂ ಓಡಾಡುತ್ತದೆ, ಅದು ಸುಳ್ಳು. ಸಿಡಿಲು ಕ್ಷಣದಲ್ಲಿ ಹಾಯ್ದುಹೋಗುತ್ತದೆ, ದೇಹದಲ್ಲಿ ಉಳಿಯುವುದಿಲ್ಲ. ಬಡಿದ ಎಲ್ಲರೂ ಸಾಯುವುದೂ ಇಲ್ಲ. ಹಲವರ ಹೃದಯ ಬಡಿತ ಅಥವಾ ಉಸಿರು ನಿಂತಿರುತ್ತದೆ, ಮೊದಲ ಕೆಲವು ನಿಮಿಷದ ನೆರವಿನಿಂದ ಅವರಲ್ಲಿ ಕೆಲವರು ಬದುಕುತ್ತಾರೆ. 108ಕ್ಕೆ ಕರೆ ಮಾಡಿ. ಉಸಿರಾಟವಿಲ್ಲದಿದ್ದರೆ ಎದೆಯ ನಡುಭಾಗವನ್ನು ಎರಡೂ ಕೈಯಿಂದ, ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ. ಹಲವರು ಬಿದ್ದಿದ್ದರೆ ಮೊದಲು ಉಸಿರಿಲ್ಲದವರನ್ನು ನೋಡಿ, ನರಳುತ್ತಿರುವವರು ಸ್ವಲ್ಪ ಕಾಯಬಲ್ಲರು. ದೇಶದ ಕೆಲವು ಕಡೆ ಮಾಡುವಂತೆ ಸಗಣಿಯಲ್ಲಿ ಅಥವಾ ಮಣ್ಣಿನಲ್ಲಿ ಹೂಳುವುದರಿಂದ ಉಪಯೋಗವಿಲ್ಲ, ಬೆಲೆಬಾಳುವ ನಿಮಿಷಗಳು ಹಾಳಾಗುತ್ತವೆ ಅಷ್ಟೇ.

ಗುಡುಗಿದಾಗ ಮನೆಯ ಹಿರಿಯರು ಅರ್ಜುನನ ಹೆಸರು ಹೇಳುತ್ತಾರೆ. ಹೇಳಲಿ, ಅದು ಮನಸ್ಸಿಗೆ ಧೈರ್ಯ. ಆದರೆ ಆ ಹೆಸರನ್ನು ಪಕ್ಕಾ ಸೂರಿನ ಕೆಳಗೆ ಕೂತು ಹೇಳುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ:

‘ಗುಡುಗು ಕೇಳಿದರೆ ಗಿಡದ ಕೆಳಗೆ ನಿಲ್ಲಬೇಡಿ, ಪಕ್ಕಾ ಕಟ್ಟಡದೊಳಗೆ ಹೋಗಿ. ಮೊಬೈಲ್ ಆನ್ ಇರಲಿ, ಆದರೆ ಚಾರ್ಜಿಗೆ ಹಾಕಬೇಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಒಳಗೇ ಇರಿ. ಸಿಡಿಲು ಬಡಿದವರನ್ನು ಮುಟ್ಟಬಹುದು, ಎದೆ ಒತ್ತಿ, 108ಕ್ಕೆ ಕರೆ ಮಾಡಿ.’

ಹೊಲದಲ್ಲಿರುವ ಅಪ್ಪನಿಗೋ ಕುರಿ ಕಾಯಲು ಹೋದ ಮಾವನಿಗೋ ಸ್ಮಾರ್ಟ್‌ಫೋನ್ ಇಲ್ಲದಿದ್ದರೆ, ಮೋಡ ಕಟ್ಟಿದಾಗ ಅವರಿಗೊಂದು ಕರೆ ಮಾಡಿ ಇದನ್ನೇ ಹೇಳಿ. ಅವರ ಫೋನ್ ಆನ್ ಇದ್ದರೆ ತಾನೇ ಆ ಕರೆ ಹೋಗುವುದು.